ಧಾರವಾಡದ ಅಂಗಡಿಯೊಂದರ ಕಸೂತಿ ಕುರ್ತಾ

ಧಾರವಾಡದ ಪೇಟೆಯ ಅಂಗಡಿಯೊಂದರಲ್ಲಿ ಕೊಂಡ ಕುರ್ತಾದ ಎದೆಯ ಮೇಲಿನ ಗೋಪುರ, ತೇರು, ತುಳಸಿಕಟ್ಟೆಗಳು ಕೈಕೆಲಸವೇ ಎಂಬುದನ್ನು ನಾನು ಬಟ್ಟೆಯನ್ನು ತಿರುವಿ ನೋಡಿದ ಮೇಲಷ್ಟೇ ನಂಬಿದೆ: ಸೂಜಿ ಒಂದು ಸಲ ಹೋಗಿ ಮರಳಿ ಬಂದು ಗೆರೆ ತುಂಬುವ ಗವಂತಿ ಹೊಲಿಗೆ ಒಳಗೂ ಹೊರಗೂ ಒಂದೇ ತೆರನಾಗಿದ್ದು, ಎಲ್ಲಿಯೂ ದಾರದ ಗಂಟು ಬೆರಳಿಗೆ ತಾಗಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಹಾಕುವ ಈ ಕಸೂತಿಗೆ ತಗಲುವ ಸಮಯವನ್ನು ನೆನೆದರೆ ಬೆಲೆ ದುಬಾರಿಯೆನಿಸದು. ಆದರೆ ಪಕ್ಕದಲ್ಲೇ ತೂಗುಹಾಕಿದ್ದ ಗಂಡಭೇರುಂಡದ ಜಾಕೀಟು ಯಂತ್ರದ್ದು. ಯಂತ್ರದ ಹೊಲಿಗೆಗೆ ಆಧಾರವಾಗಿ ಒಳಮೈಯಲ್ಲಿ ಅಂಟಿಸಿದ ಕಾಗದ ಇನ್ನೂ ಇಣುಕುತ್ತಿತ್ತು, ಚೀಟಿಯಲ್ಲಿ ಮಾತ್ರ ‘ಕೈಕಸೂತಿ’ ಎಂದಿತ್ತು. ತ್ರಿವರ್ಣ ಧ್ವಜವನ್ನೇ ಮುದ್ರಿಸಿದ ಕರವಸ್ತ್ರಗಳನ್ನು ಕಂಡು ಇನ್ನಷ್ಟು ಬೇಸರವಾಯಿತು, ಏಕೆಂದರೆ ಅದನ್ನು ರಾಷ್ಟ್ರಗೌರವಕ್ಕೆ ಅವಮಾನ ತಡೆ ಕಾಯ್ದೆಯ 2005ರ ತಿದ್ದುಪಡಿ ನಿಷೇಧಿಸಿದೆ ಎಂಬುದು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುವ ಈ ಅವಳಿ ನಗರದ ವ್ಯಾಪಾರಿಗಾದರೂ ಗೊತ್ತಿರಬೇಕಿತ್ತು. ಕುರ್ತಾದ ದಾರ ಎರಡು ಬಾರಿ ತೊಳೆದರೂ ಬಣ್ಣ ಬಿಟ್ಟಿಲ್ಲ.