‘ಯುದ್ಧ ಮತ್ತು ಶಾಂತಿ’ಗೆ ಮೂರು ದಾರಿ: ಕಾಗದ, ಇ-ರೀಡರ್, ಆಡಿಯೋ

1869ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ನಾನು ಮೂರು ರೂಪಗಳಲ್ಲಿ ಓದಿದ್ದೇನೆ: ಪೆವೇರ್ ಮತ್ತು ವೊಲೊಖೊನ್‌ಸ್ಕಿ ಅವರ 2007ರ ಅನುವಾದದ ದಪ್ಪ ಮುದ್ರಿತ ಪ್ರತಿ, ಇ-ರೀಡರಿನಲ್ಲಿ ಉಚಿತವಾಗಿ ಸಿಗುವ ಮಾಡ್ ದಂಪತಿಗಳ ಹಳೆಯ ಅನುವಾದ, ಮತ್ತು ಸುಮಾರು 60 ಗಂಟೆಗಳ ಆಡಿಯೋ ಬುಕ್. ಕನ್ನಡದಲ್ಲಿ ದೇ. ಜವರೇಗೌಡರ ಅನುವಾದವಿದೆ, ಅದು ಮೂರೂ ರೂಪಗಳಲ್ಲಿ ನನಗೆ ಸಿಗದ ಕಾರಣ ಈ ಹೋಲಿಕೆಯನ್ನು ಇಂಗ್ಲಿಷ್ ಪಠ್ಯಗಳಿಗೆ ಸೀಮಿತಗೊಳಿಸಿದ್ದೇನೆ.

ಕಾದಂಬರಿ ತೆರೆದುಕೊಳ್ಳುವುದು 1805ರ ಜುಲೈಯಲ್ಲಿ, ಪೀಟರ್ಸ್‌ಬರ್ಗಿನ ಆನ್ನಾ ಪಾವ್ಲೊವ್ನಾ ಶೇರರ್ ಮನೆಯ ಸಂಜೆಯ ಕೂಟದಲ್ಲಿ. ಅಲ್ಲಿ ನೆರೆದ ಶ್ರೀಮಂತರು ಮಾತಾಡುವುದು ಬಹುಪಾಲು ಫ್ರೆಂಚಿನಲ್ಲಿ. ಮುದ್ರಿತ ಪ್ರತಿ ಆ ಫ್ರೆಂಚನ್ನು ಹಾಗೆಯೇ ಉಳಿಸಿಕೊಂಡು ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದರಿಂದ, ಮೊದಲ ಪುಟಗಳಲ್ಲಿ ಕಣ್ಣು ಮೇಲಕ್ಕೂ ಕೆಳಕ್ಕೂ ಓಡಾಡಿ ದಣಿಯುತ್ತದೆ. ಅನೇಕರು ಪುಸ್ತಕವನ್ನು ಇಲ್ಲಿಯೇ ಕೆಳಗಿಡುತ್ತಾರೆಂಬುದು ನನ್ನ ಗುಮಾನಿ. ಮಾಡ್ ಅನುವಾದದಲ್ಲಿ ಫ್ರೆಂಚಿನ ಬಹುಭಾಗ ಇಂಗ್ಲಿಷಿಗೆ ಬಂದುಬಿಟ್ಟಿರುವುದರಿಂದ ಆ ತೊಡಕಿಲ್ಲ. ಆದರೆ ನೆಪೋಲಿಯನ್ನನನ್ನು ಬೈಯುವವರೂ ಅವನ ಭಾಷೆಯಲ್ಲೇ ಬೈಯುತ್ತಿದ್ದಾರೆಂಬ ವ್ಯಂಗ್ಯ ಅಲ್ಲಿ ಮಸುಕಾಗುತ್ತದೆ.

ಹೆಸರುಗಳ ವಿಷಯದಲ್ಲಿ ಇ-ರೀಡರನ್ನು ಮೀರಿಸುವುದು ಯಾವುದೂ ಇಲ್ಲ. ದೊಲೊಖೊವ್‌ನನ್ನೇ ತೆಗೆದುಕೊಳ್ಳಿ. ಮೊದಲು ಅವನು ಪೀಟರ್ಸ್‌ಬರ್ಗಿನ ಮನೆಯೊಂದರ ಮೂರನೆಯ ಮಹಡಿಯ ಕಿಟಕಿಯಂಚಿನಲ್ಲಿ, ಕಾಲುಗಳನ್ನು ಹೊರಕ್ಕೆ ಇಳಿಬಿಟ್ಟು, ಪಂತ ಕಟ್ಟಿ ರಮ್ ಬಾಟಲಿಯನ್ನು ಬರಿದು ಮಾಡುತ್ತಾನೆ. ಮುಂದೆ ಪದವಿ ಕಳೆದುಕೊಂಡ ಸಾಮಾನ್ಯ ಸಿಪಾಯಿಯಾಗಿ, ಕಥಾನಾಯಕರಲ್ಲೊಬ್ಬನಾದ ಪಿಯರ್‌ನೊಂದಿಗೆ ದ್ವಂದ್ವಯುದ್ಧಕ್ಕೆ ನಿಲ್ಲುವವನಾಗಿ, 1812ರಲ್ಲಿ ಗೆರಿಲ್ಲಾ ಹೋರಾಟಗಾರನಾಗಿ ನೂರಾರು ಪುಟಗಳ ಅಂತರದಲ್ಲಿ ಮತ್ತೆ ಮತ್ತೆ ಬರುತ್ತಾನೆ. ಅವನ ಹೆಸರನ್ನು ಹುಡುಕಾಟದಲ್ಲಿ ಟೈಪಿಸಿದರೆ ಹಿಂದಿನ ದೃಶ್ಯಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮಾಡ್ ದಂಪತಿಗಳು ಆಂದ್ರೇಯನ್ನು ಆಂಡ್ರ್ಯೂ ಎಂದೂ ನಿಕೊಲಾಯ್‌ಯನ್ನು ನಿಕೊಲಸ್ ಎಂದೂ ಮಾಡಿದ್ದಾರೆ. ಸಂಪುಟಗಳ ವಿಂಗಡಣೆಯೂ ಬೇರೆ. ಮುದ್ರಿತ ಪ್ರತಿಯ ಮೂರನೆಯ ಸಂಪುಟದ ಎರಡನೆಯ ಭಾಗ ಅವರಲ್ಲಿ ಹತ್ತನೆಯ ಪುಸ್ತಕವಾಗಿದೆ. ಹೀಗಾಗಿ ಹಗಲಿಗೆ ಒಂದು, ರಾತ್ರಿಗೆ ಇನ್ನೊಂದು ಎಂದು ಓದುವವರು ಪ್ರತಿ ಸಲವೂ ಜಾಗ ಹುಡುಕಬೇಕಾಗುತ್ತದೆ.

ಆ ಭಾಗದಲ್ಲಿಯೇ, 1812ರಲ್ಲಿ ನೆಪೋಲಿಯನ್ನನ ಸೈನ್ಯವೂ ರಷ್ಯನ್ನರೂ ಸೆಣಸಿದ ಬೊರೊದಿನೊ ಕದನ ಬರುತ್ತದೆ, ಮತ್ತು ಅಲ್ಲಿ ಕಾಗದಕ್ಕೆ ಸಾಟಿಯಿಲ್ಲ. 1867ರಲ್ಲಿ ಖುದ್ದಾಗಿ ಆ ರಣರಂಗವನ್ನು ಸುತ್ತಿ ಬಂದ ಟಾಲ್‌ಸ್ಟಾಯ್, ಸೈನ್ಯಗಳು ನಿಂತಿದ್ದವೆಂದು ಇತಿಹಾಸಕಾರರು ಹೇಳುವ ಜಾಗವನ್ನೂ ನಿಜವಾಗಿ ನಿಂತಿದ್ದ ಜಾಗವನ್ನೂ ತೋರಿಸುವ ನಕ್ಷೆಯೊಂದನ್ನು ಕಾದಂಬರಿಯೊಳಗೇ ಇಟ್ಟಿದ್ದಾರೆ. ಶೆವಾರ್ದಿನೊ ಕೋಟೆದಿಬ್ಬ ಕೈತಪ್ಪಿದ ಮೇಲೆ ರಷ್ಯನ್ನರ ಎಡಪಾರ್ಶ್ವ ಬಯಲಾಯಿತೆಂಬ ಅವರ ವಾದವನ್ನು, ನಕ್ಷೆಯ ಪುಟದಲ್ಲಿ ಒಂದು ಬೆರಳಿಟ್ಟುಕೊಂಡು, ಬಿಳಿ ಟೋಪಿಯ ಪಿಯರ್ ರಯೆವ್‌ಸ್ಕಿ ಫಿರಂಗಿದಿಬ್ಬದಲ್ಲಿ ದಿಕ್ಕುತೋಚದೆ ನಿಂತಿರುವ ಪುಟವನ್ನು ಇನ್ನೊಂದು ಕೈಯಲ್ಲಿ ತೆರೆದುಕೊಂಡು ಓದಿದಾಗ ಮಾತ್ರ ನನಗೆ ಯುದ್ಧದ ಚಿತ್ರ ಕೂಡಿಕೊಂಡಿತು. ನನ್ನ ಇ-ರೀಡರಿನ ಪುಟ್ಟ ಪರದೆಯಲ್ಲಿ ಆ ನಕ್ಷೆ ಇರುವೆಸಾಲಿನಂತೆ ಕಾಣುತ್ತದೆ. ಆಡಿಯೋದಲ್ಲಿ ನಕ್ಷೆಯ ಮಾತೇ ಇಲ್ಲ.

ಹಾಗೆಂದು ಯುದ್ಧದ ಅಧ್ಯಾಯಗಳೆಲ್ಲ ಕಿವಿಗೆ ಹೊಂದುವುದಿಲ್ಲವೆಂದು ತೀರ್ಮಾನಿಸುವಂತಿಲ್ಲ. ನೆಪೋಲಿಯನ್ನನೆದುರಿನ ಆಸ್ಟರ್ಲಿಟ್ಜ್ ಕದನದ ಹಿಂದಿನ ರಾತ್ರಿ ಆಸ್ಟ್ರಿಯದ ಜನರಲ್ ವೈರೋಥರ್ ಮರುದಿನದ ವ್ಯೂಹವನ್ನು ಏಕತಾನದ ಧ್ವನಿಯಲ್ಲಿ ಓದುತ್ತಾ ಹೋಗುತ್ತಾನೆ; ಮೊದಲ ತುಕಡಿ ಹೀಗೆ ಸಾಗುತ್ತದೆ, ಎರಡನೆಯದು ಹಾಗೆ; ಅತ್ತ ರಷ್ಯದ ಸೇನಾಪತಿ ಕುತುಜೋವ್ ಆರಾಮಕುರ್ಚಿಯಲ್ಲಿ ನಿಜವಾಗಿಯೇ ನಿದ್ದೆಹೋಗಿರುತ್ತಾನೆ. ಕಾಗದದಲ್ಲಿ ನಾನು ಸರಸರನೆ ದಾಟಿಸಿದ್ದ ಈ ಸಭೆ, ಹಾರಿಸಲು ಬಾರದ ಆಡಿಯೋದಲ್ಲಿ, ಆ ಓದಿನ ಬೇಸರವನ್ನು ನನಗೂ ಉಣಿಸಿ ಕುತುಜೋವ್‌ನ ನಿದ್ದೆಯನ್ನು ಇಡೀ ಸಭೆಯ ಅತ್ಯಂತ ವಿವೇಕದ ಪ್ರತಿಕ್ರಿಯೆಯನ್ನಾಗಿ ಮಾಡಿಬಿಟ್ಟಿತು. ತೋಳಬೇಟೆ ಮುಗಿದ ಮೇಲೆ ಚಿಕ್ಕಪ್ಪನ ಹಳ್ಳಿಮನೆಯಲ್ಲಿ ಗಿಟಾರಿಗೆ ಕಥಾನಾಯಕಿ ನತಾಶಾ ಕುಣಿಯುವ ಅಧ್ಯಾಯವನ್ನೂ ಕೇಳಿಯೇ ಸವಿಯಬೇಕು. ಆದರೆ ಬಸ್ಸಿನಲ್ಲಿ ಕೇಳುವಾಗ ಗಮನ ಒಂದು ಕ್ಷಣ ಬೇರೆಡೆ ಹರಿದರೂ ಯಾವುದೋ ರಾಜಕುಮಾರಿ ಯಾರದೋ ಅತ್ತೆಯಾಗಿಬಿಟ್ಟಿರುತ್ತಾಳೆ. ಹಿಂದಕ್ಕೆ ಸರಿಸಿ ಸರಿಯಾದ ಜಾಗ ಹಿಡಿಯುವುದು ದೊಡ್ಡ ರಗಳೆ.

ಒಂದನ್ನೇ ಕೊಳ್ಳುವವರು ಭಾರವನ್ನು ಸಹಿಸಿಕೊಂಡು ಮುದ್ರಿತ ಪ್ರತಿಯನ್ನೇ ಕೊಳ್ಳಲಿ. ಹೆಸರು ಮರೆತಾಗ ನೆರವಾಗಲು ಉಚಿತ ಇ-ಪುಸ್ತಕ ಜೊತೆಗಿರಲಿ. ಎರಡನೆಯ ಸಲ ಓದಲು ಮನಸ್ಸಾದರೆ, ಆಗ ಆಡಿಯೋ. ಎರಡನೆಯ ಉಪಸಂಹಾರದ 12 ಅಧ್ಯಾಯಗಳನ್ನು ಮಾತ್ರ ಆಡಿಯೋದಲ್ಲಿ ಯತ್ನಿಸಬೇಡಿ. ಅಲ್ಲಿ ಪಾತ್ರಗಳೂ ಕಥೆಯೂ ಇಲ್ಲ. ಇತಿಹಾಸವನ್ನು ನಡೆಸುವ ಶಕ್ತಿ ಯಾವುದು, ಮನುಷ್ಯನ ಇಚ್ಛೆ ಎಷ್ಟು ಸ್ವತಂತ್ರ ಎಂಬ ವಾದ ಮಾತ್ರ ಇದೆ. ಅದನ್ನು ಪೆನ್ಸಿಲ್ ಹಿಡಿದು, ಅಂಚಿನಲ್ಲಿ ತಕರಾರು ಬರೆಯುತ್ತಾ, ನಿಧಾನವಾಗಿ ಓದಬೇಕು.