ಚಿಕ್ಕಮಗಳೂರಿನಲ್ಲಿ ಜರ್ಮನ್ ಪದಕಗಳು: ಒಂದು ಹಳೆಯ ಅಂಗಡಿಯ ವಿಮರ್ಶೆ

ಚಿಕ್ಕಮಗಳೂರಿನ ಇಂದಿರಾ ಗಾಂಧಿ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ, ಹೊರಗೆ ಫಲಕವನ್ನೇ ಹಾಕದ, ಹಳೆಯ ನಾಣ್ಯ ಮತ್ತು ಪದಕಗಳ ಅಂಗಡಿಯೊಂದಿದೆ. ಮೈಸೂರು ಸಂಸ್ಥಾನದ ನಾಣ್ಯಗಳಿಗಾಗಿ ಅಲ್ಲಿಗೆ ಹೋಗುವವರೇ ಹೆಚ್ಚು. ಜರ್ಮನಿಯ ಹಳೆಯ ಸೈನಿಕ ಪದಕಗಳನ್ನು ಸಂಗ್ರಹಿಸುವವರಿಗೂ ಅದು ಹೋಗಿ ನೋಡಲೇಬೇಕಾದ ಸ್ಥಳವೆಂದು ನನ್ನ ಅಭಿಪ್ರಾಯ. ಏಕೆಂದರೆ ಇಲ್ಲಿ ಪದಕವನ್ನು ಗಾಜಿನ ಹಿಂದಿಟ್ಟು ಬೆಲೆ ಹೇಳುವುದಿಲ್ಲ. ಆಯಸ್ಕಾಂತ, ಭೂತಗನ್ನಡಿ, ವರ್ನಿಯರ್ ಕ್ಯಾಲಿಪರ್ ಮೂರನ್ನೂ ಮುಂದಿಟ್ಟು, “ನೀವೇ ನೋಡಿ ತೀರ್ಮಾನ ಮಾಡಿ ಸರ್” ಎಂದು ಮಾಲೀಕರು ಸುಮ್ಮನಾಗುತ್ತಾರೆ.

ಈ ಸ್ವಾತಂತ್ರ್ಯದ ಬೆಲೆ ಐರನ್ ಕ್ರಾಸ್, ಅಂದರೆ ಕಬ್ಬಿಣದ ಶಿಲುಬೆ, ಕೈಗೆತ್ತಿಕೊಂಡಾಗ ತಿಳಿಯುತ್ತದೆ. ಹಳೆಯ ಜರ್ಮನ್ ರಾಜ್ಯವಾದ ಪ್ರಷ್ಯದ ದೊರೆ ಮೂರನೆಯ ಫ್ರೆಡ್ರಿಕ್ ವಿಲ್‌ಹೆಲ್ಮ್ ನೆಪೋಲಿಯನ್ನನ ವಿರುದ್ಧದ ಯುದ್ಧಕಾಲದಲ್ಲಿ, 1813ರಲ್ಲಿ, ಸ್ಥಾಪಿಸಿದ ಈ ಪದಕವನ್ನು 1870, 1914 ಮತ್ತು 1939ರಲ್ಲಿ ಮತ್ತೆ ಜಾರಿಗೆ ತರಲಾಯಿತು. ಅಂಗಡಿಯಲ್ಲಿರುವವು ಬಹುತೇಕ 1914ರ ಎರಡನೆಯ ದರ್ಜೆಯವು. ಅವುಗಳ ಒಂದು ಬದಿಯಲ್ಲಿ ಕಿರೀಟ, ಡಬ್ಲ್ಯೂ ಅಕ್ಷರ ಮತ್ತು 1914 ಇದ್ದರೆ, ಇನ್ನೊಂದು ಬದಿಯಲ್ಲಿ ಓಕ್ ಎಲೆಗಳ ಕೆಳಗೆ 1813 ಎಂದಿರುತ್ತದೆ. ಆ ಬದಿಯನ್ನಷ್ಟೇ ನೋಡಿ ಇನ್ನೂರು ವರ್ಷ ಹಳೆಯದೆಂದು ಹಣ ಕೊಟ್ಟುಬಿಡಬಾರದು. ಕಪ್ಪು ಬಣ್ಣದ ಕಬ್ಬಿಣದ ತಿರುಳನ್ನು ಬೆಳ್ಳಿಯ ಎರಡು ಚೌಕಟ್ಟುಗಳ ನಡುವೆ ಕೂರಿಸಿ ಬೆಸೆದಿರುವುದರಿಂದ, ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ಸಣ್ಣ ಗೆರೆ ಕಾಣುವುದುಂಟು. ಒಂದೇ ಎರಕದಲ್ಲಿ ತೆಗೆದ ನಕಲಿಯಲ್ಲಿ ಆ ಗೆರೆ ಇರುವುದಿಲ್ಲ, ಚೌಕಟ್ಟಿನ ಮಣಿಗಳೂ ಮೊಂಡಾಗಿರುತ್ತವೆ. ಆದರೆ ಆಯಸ್ಕಾಂತಕ್ಕೆ ಅಂಟಲಿಲ್ಲವೆಂಬ ಒಂದೇ ಕಾರಣಕ್ಕೆ ನಕಲಿ ಎಂದು ತಳ್ಳಿಹಾಕುವುದು ಸರಿಯಲ್ಲ. ಸೈನಿಕರು ಸ್ವಂತ ಹಣದಿಂದ ಮಾಡಿಸಿಕೊಂಡ ಪದಕಗಳಲ್ಲಿ ಹಿತ್ತಾಳೆಯ ತಿರುಳಿನವೂ ಇವೆ. ತಯಾರಕರ ಗುರುತನ್ನು ಮೇಲಿನ ಉಂಗುರದಲ್ಲಿ ಹುಡುಕಬೇಕು. ಬರ್ಲಿನ್ನಿನ ರಾಜ ಟಂಕಸಾಲೆಯ ‘ಕೆ.ಓ.’ ಗುರುತಿನ ಒಂದು ಒಳ್ಳೆಯ ಪ್ರತಿಯನ್ನು ನಾನು ಇಲ್ಲಿಯೇ ಕೊಂಡಿದ್ದೇನೆ.

ಸಂಗ್ರಹ ಆರಂಭಿಸುವವರಿಗೆ ನಾನು ಸೂಚಿಸುವುದು ಮಾತ್ರ 1934ರ ಗೌರವ ಶಿಲುಬೆಯನ್ನು. ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಆ ವರ್ಷದ ಜುಲೈನಲ್ಲಿ ಸ್ಥಾಪಿಸಿದ ಇದರಲ್ಲಿ ಮೂರು ಬಗೆಗಳಿವೆ. ಮೊದಲ ಮಹಾಯುದ್ಧದ ರಣರಂಗದಲ್ಲಿ ಹೋರಾಡಿದವರಿಗೆ ಕೊಟ್ಟದ್ದರಲ್ಲಿ ಕತ್ತಿಗಳಿರುತ್ತವೆ; ಸೈನ್ಯದಲ್ಲಿದ್ದೂ ಹೋರಾಟಕ್ಕೆ ಇಳಿಯದವರ ಶಿಲುಬೆಯಲ್ಲಿ ಕತ್ತಿಗಳಿಲ್ಲ; ಮಡಿದವರ ವಿಧವೆಯರಿಗೂ ತಂದೆತಾಯಿಯರಿಗೂ ಕೊಟ್ಟದ್ದು ಕತ್ತಿಗಳಿಲ್ಲದೆ ಕಪ್ಪು ಬಣ್ಣದಲ್ಲಿರುತ್ತದೆ. ಒಟ್ಟು 80 ಲಕ್ಷಕ್ಕೂ ಮೀರಿ ಹಂಚಿದ ಪದಕವಾದ್ದರಿಂದ ಇದು ಅಪರೂಪವಲ್ಲ. ಆದರೆ ಹಿಂಬದಿಯಲ್ಲಿ ಒತ್ತಿರುವ ತಯಾರಕರ ಗುರುತುಗಳು ಎಷ್ಟು ಬಗೆಯವೆಂದರೆ, ಅವನ್ನು ಕೂಡಿಸುವುದೇ ಒಂದು ಸಂಗ್ರಹವಾಗುತ್ತದೆ. ಕಪ್ಪು ಶಿಲುಬೆಗಳು ಕಡಿಮೆ ಸಿಗುವುದರಿಂದ ಎರಡನೆಯ ಬಗೆಗೆ ಕಪ್ಪು ಬಳಿದು ಮಾರುವ ಸಾಧ್ಯತೆಯಿದೆ. ಬಣ್ಣ ಎದ್ದಲ್ಲಿ ಕೆಳಗೆ ಕಂಚಿನ ಛಾಯೆ ಕಂಡರೆ ಅನುಮಾನಿಸಬೇಕು. ಇಂಥದ್ದೊಂದನ್ನು ಮಾಲೀಕರು ತಾವಾಗಿಯೇ ಬೇರೆ ಡಬ್ಬಿಯಲ್ಲಿಟ್ಟು, ‘ಬಣ್ಣ ಹೊಸದು’ ಎಂದು ಚೀಟಿ ಅಂಟಿಸಿದ್ದರು. ನಾನು ಈ ಅಂಗಡಿಯನ್ನು ನಂಬುವುದು ಇಂಥ ನಡತೆಯಿಂದ.

ಅಷ್ಟೇ ಗಂಭೀರವಾದ ಆಕ್ಷೇಪಗಳೂ ನನಗಿವೆ. ಎಲ್ಲ ಜರ್ಮನ್ ಪದಕಗಳ ತಟ್ಟೆಗೂ ‘ಹಿಟ್ಲರ್ ಕಾಲ’ ಎಂದು ಬರೆದಿರುವುದು ತಪ್ಪು. 1914ರ ಶಿಲುಬೆ ಅದಕ್ಕೂ ಹಿಂದಿನ, ಜರ್ಮನ್ ಚಕ್ರವರ್ತಿ ಕೈಸರನ ಕಾಲದ್ದು. ಅದಕ್ಕಿಂತ ಕೆಟ್ಟದ್ದು ರಿಬ್ಬನ್ನುಗಳ ವಿಷಯ. 1914ರ ಎರಡನೆಯ ದರ್ಜೆಯಲ್ಲಿ ಶಿಲುಬೆಯ ವಿನ್ಯಾಸ ಎಲ್ಲರಿಗೂ ಒಂದೇ ಆಗಿದ್ದು, ಕಪ್ಪು ರಿಬ್ಬನ್ನಿನಲ್ಲಿ ಬಿಳಿ ಪಟ್ಟೆಗಳಿದ್ದರೆ ಹೋರಾಡಿದವನಿಗೆ, ಬಿಳಿಯಲ್ಲಿ ಕಪ್ಪು ಪಟ್ಟೆಗಳಿದ್ದರೆ ಹೋರಾಟಕ್ಕೆ ಇಳಿಯದವನಿಗೆ ಸಂದದ್ದೆಂದು ಅರ್ಥ. ಅಂಗಡಿಯಲ್ಲಿ ಹರಿದ ಹಳೆಯ ರಿಬ್ಬನ್ ತೆಗೆದು, ನಡುವೆ ಕೆಂಪಿರುವ 1939ರ ಮಾದರಿಯ ಹೊಸದನ್ನು ಚೆಂದಕ್ಕಾಗಿ ಕಟ್ಟಿಟ್ಟಿರುವ ಪ್ರತಿಗಳಿವೆ. ಹರಿದಿದ್ದರೂ ಮೂಲದ್ದೇ ಇರಬೇಕಿತ್ತು. ಅದು ಹೋದ ಮೇಲೆ ಆ ಪದಕ ಯಾರ ಎದೆಯ ಮೇಲಿತ್ತೆಂದು ಹೇಳುವ ಸಾಕ್ಷಿ ಉಳಿಯುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಬ್ಬಿಣದ ಪದಕಗಳನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲಗಳಲ್ಲಿ ಇಡುವುದೂ ಸಲ್ಲದು. ತೇವ ಒಳಗೇ ನಿಂತು ತಿರುಳು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಪ್ಪು ಬಣ್ಣವನ್ನು ಎಬ್ಬಿಸುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿಗೆ ಹೆಚ್ಚು ಖರ್ಚಾಗದು ಎಂದು ಹೇಳಿದ್ದೇನೆ, ಇನ್ನೂ ಬದಲಾಗಿಲ್ಲ.

ಬೆಲೆ, ಸಾಮಾನ್ಯ ಬಗೆಗಳಿಗೆ, ನನ್ನ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು, ಚೌಕಾಸಿಗೆ ಅವಕಾಶವಿದೆ. ಬಿಲ್ಲಿನಲ್ಲಿ ವರ್ಷ, ದರ್ಜೆ, ಉಂಗುರದ ಗುರುತು ಮತ್ತು ರಿಬ್ಬನ್ ಮೂಲದ್ದೋ ಹೊಸದೋ ಎಂಬುದನ್ನು ಬರೆಸಿಕೊಳ್ಳಿರಿ, ಕೇಳಿದರೆ ಬರೆದುಕೊಡುತ್ತಾರೆ. ಒಳಗಿನ ದೀಪ ಮಂಕಾಗಿರುವುದರಿಂದ ಬೆಳಿಗ್ಗೆಯೇ ಹೋಗಿ, ಪದಕವನ್ನು ಬಾಗಿಲಿನ ಬೆಳಕಿಗೆ ತಂದು ನೋಡುವುದು ಒಳ್ಳೆಯದು.