ಕೋರಿ ಮೀನಿನ ಮರಿ ಮಾಡಿಸಲು ಯಾವ ನೀರು: ಸುರಂಗದ್ದೋ, ಮಳೆಯದ್ದೋ, ಆರ್‌ಓ ಯಂತ್ರದ್ದೋ?

ಬ್ರಾಂಜ್ ಕೋರಿ (ಅಕ್ವೇರಿಯಂನಲ್ಲಿ ಸಾಕುವ ಮೀಸೆಯ ಸಣ್ಣ ಮೀನು) ತುಸು ಗಡಸು ನೀರಲ್ಲೂ ಬದುಕುತ್ತದೆ. ಮೊಟ್ಟೆ ಇಡಿಸಬೇಕಾದರೆ ಮಾತ್ರ ಮೆದು ನೀರೇ ಒಳ್ಳೆಯದು, ಅದೂ ತಣ್ಣಗಿರಬೇಕು. ದಕ್ಷಿಣ ಅಮೆರಿಕದ ಹೊಳೆಗಳಿಗೆ ಮಳೆನೀರು ನುಗ್ಗುವಾಗ ಇವು ಜೋಡಿಯಾಗುತ್ತವೆ. ಮೂರು ನೀರನ್ನೂ ಹೋಲಿಸಿ ನೋಡಲು ಇಟ್ಟದ್ದು 60 ಲೀಟರಿನ ಮೂರು ತೊಟ್ಟಿ, ಪ್ರತಿಯೊಂದಕ್ಕೂ 2 ಹೆಣ್ಣು, 4 ಗಂಡು, ನಯವಾದ ಮರಳು, ಸ್ಪಂಜ್ ಫಿಲ್ಟರ್. ಬದಲಿಸಿದ್ದು ನೀರನ್ನು ಮಾತ್ರ.

ಕಾಸರಗೋಡಿನ ಗುಡ್ಡದ ಮಗ್ಗುಲಲ್ಲಿ ಇರುವವರಿಗೆ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಮಾಟೆ) ನೀರೇ ಮೊದಲ ಆಯ್ಕೆ. ಮುರಕಲ್ಲಿನಿಂದ ಒಸರುವ ಈ ನೀರಲ್ಲಿ ಸುಣ್ಣದಂಶ ಕಡಿಮೆ. ಟಿಡಿಎಸ್ (ಕರಗಿದ ಲವಣಗಳ ಅಳತೆ) 100 ದಾಟಲಿಲ್ಲ. ಬೇಸಿಗೆಯಲ್ಲೂ ತಂಪು. ತಂದ ಕೂಡಲೇ ಅಳೆದರೆ ಪಿಎಚ್ ತೀರಾ ಕೆಳಗಿರುತ್ತದೆ, ಗಾಬರಿ ಬೇಡ: ಅದು ಕರಗಿದ ಇಂಗಾಲದ ಡೈಆಕ್ಸೈಡ್. ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ ಒಂದು ರಾತ್ರಿ ಬಿಟ್ಟರೆ ಏರುತ್ತದೆ. ನೇರವಾಗಿ ಸುರಿದರೆ ಮೀನು ಏದುತ್ತದೆ.

ಮಳೆನೀರು ಇನ್ನೂ ಮೆದು, ಆದರೆ ಅಪಾಯ ಹೆಚ್ಚು. ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟಿನ ಅಳತೆ) ಸೊನ್ನೆಗೆ ಹತ್ತಿರ ಇರುವುದರಿಂದ ಪಿಎಚ್ ದಿನೇ ದಿನೇ ಇಳಿದು, 6ರ ಕೆಳಗೆ ಫಿಲ್ಟರಿನ ಬ್ಯಾಕ್ಟೀರಿಯಾ ಮಂಕಾಗುತ್ತವೆ. ಆಗ ಸೇರುವ ಅಮೋನಿಯಂ ಆಮ್ಲದ ನೀರಲ್ಲಿ ಅಷ್ಟು ಕೊಲ್ಲುವುದಿಲ್ಲ; ಹೆದರಿ ಗಡಸು ನೀರು ಸುರಿದರೆ ಅದೇ ಅಮೋನಿಯವಾಗಿ ಮೀನು ರಾತ್ರೋರಾತ್ರಿ ಸಾಯುತ್ತದೆ. ಹಾಗಾಗದಂತೆ ಮೊದಲೇ ಮೂರು ಪಾಲು ಮಳೆನೀರಿಗೆ ಒಂದು ಪಾಲು ಬಾವಿನೀರು ಬೆರೆಸಿ, ಫಿಲ್ಟರಿನಲ್ಲಿ ನಾಲ್ಕೈದು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಇಡಿ.

ಇನ್ನೊಂದು ಮಾತು, ಅಡಿಕೆ ತೋಟದವರಿಗೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವುದೂ ಮಳೆಗಾಲದಲ್ಲೇ. ಆ ಹನಿ ಮಾಡಿನ ಮೇಲೆ ಬಿದ್ದಿದ್ದರೆ ತಾಮ್ರ ನೀರಿಗಿಳಿಯುತ್ತದೆ, ಮೆದು ನೀರಲ್ಲಿ ತಾಮ್ರದ ವಿಷ ಇನ್ನೂ ಜೋರು. ಸಿಂಪಡಣೆ ಆದಮೇಲೆ ಮಾಡಿನ ನೀರು ಹಿಡಿಯಬೇಡಿ. ತೋಟದಿಂದ ದೂರ, ಬಯಲಲ್ಲಿ ಟಾರ್ಪಾಲು ಕಟ್ಟಿ ಹಿಡಿಯಿರಿ.

ಆರ್‌ಓ (ನೀರನ್ನು ಪೊರೆಯಲ್ಲಿ ಸೋಸಿ ಲವಣ ತೆಗೆಯುವ ಯಂತ್ರ) ಕರಾವಳಿಯಲ್ಲಿ, ಬಾವಿಗೆ ಉಪ್ಪು ಹತ್ತುವ ಕಡೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಂದು ಲೀಟರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಮನೆಯ ಯಂತ್ರವಾದರೆ ಮಿನರಲ್ ಕಾರ್ಟ್ರಿಡ್ಜಿನ ಮೊದಲೇ ನೀರು ತೆಗೆಯಿರಿ, ಮಳೆನೀರಿನಂತೆಯೇ ಬೆರೆಸಿ.

ಮೊಟ್ಟೆ ಇಡಿಸುವ ಕ್ರಮ ಮೂರಕ್ಕೂ ಒಂದೇ. ವಾರವಿಡೀ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ), ಕೊಚ್ಚಿದ ಎರೆಹುಳು ಕೊಟ್ಟು, ಸಂಜೆ ಅರ್ಧ ನೀರು ತೆಗೆದು ತೊಟ್ಟಿಗಿಂತ 4 ಡಿಗ್ರಿ ತಣ್ಣಗಿನ ನೀರು ಸುರಿಯಿರಿ. ಎರಡು ಮೂರು ದಿನ ಹೀಗೆಯೇ. ಗಾಜಿಗಂಟಿದ ಮೊಟ್ಟೆಗಳನ್ನು ಬೆರಳಿನಿಂದ ಉರುಳಿಸಿ, ಅದೇ ತೊಟ್ಟಿಯ 2 ಲೀಟರ್ ನೀರಿರುವ ಡಬ್ಬಿಗೆ ಹಾಕಿ. ಒಣ ಕಾಡುಬಾದಾಮಿ ಎಲೆ ಅರ್ಧ, ಮೆಲ್ಲಗೆ ಗಾಳಿ. ಬಿಳಿಚಿದ್ದನ್ನು ದಿನಾ ತೆಗೆಯದಿದ್ದರೆ ಬೂಸು ಪಕ್ಕದ್ದಕ್ಕೂ ಹಬ್ಬುತ್ತದೆ. 25 ಡಿಗ್ರಿಯಲ್ಲಿ 3ರಿಂದ 5 ದಿನಕ್ಕೆ ಮರಿ. ಮತ್ತೆರಡು ದಿನ ಹೊಟ್ಟೆಯ ಚೀಲವೇ ಸಾಕು. ಆಮೇಲೆ ಆಗಷ್ಟೇ ಒಡೆದ ಆರ್ಟೀಮಿಯಾ. ಡಬ್ಬಿಯ ನೀರು ಬದಲಿಸುವಾಗಲೂ ತಾಯಿ ತೊಟ್ಟಿಯದ್ದೇ ಇರಲಿ. ಮರಿಗಳಿಗೆ ನೀರಿನ ಹಠಾತ್ ಬದಲಾವಣೆ ತಡೆಯುವುದಿಲ್ಲ.